ವಿಮಾನ ನಡೆಸುವ ಮಗಳು ಬಸುರಿಯಾದಾಗ

ಹೆಣ್ಣುಮಗಳು ವಿಮಾನ ನಡೆಸುವುದು ಈಗ ಅಚ್ಚರಿಯ ಸುದ್ದಿಯಲ್ಲ. 1936ರಲ್ಲೇ ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆ ಉಟ್ಟುಕೊಂಡೇ ವಿಮಾನ ಹಾರಿಸಿ ಲೈಸೆನ್ಸ್ ಪಡೆದರು. ಆಗ ಅವರಿಗೆ 21 ವರ್ಷ, ಮಗಳಿಗೆ ನಾಲ್ಕು! 2021ರ ಜನವರಿ 11ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಂಗಸರೇ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿದರು. ನಮ್ಮ ದೇಶದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೆಂಗಸರೆಂದು ಸರ್ಕಾರವೇ ಹೇಳಿದೆ.

ಇಂಥವರಲ್ಲೊಬ್ಬಳು ನಮ್ಮ ಮಗಳೋ ಸೊಸೆಯೋ ಆಗಿದ್ದು, ಬಸುರಿಯಾದಳು ಅನ್ನಿ. ಮನೆಯ ಹಿರಿಯರು ಮೊದಲು ಹೇಳೋದೇನು? "ಮೂರು ತಿಂಗಳು ತುಂಬೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ ಕಣಮ್ಮ." ನೆರೆಹೊರೆಗೆ, ನೆಂಟರಿಷ್ಟರಿಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ಪೈಲಟ್ ಆದವಳು ತನ್ನ ವೈದ್ಯರಿಗೂ ಕಂಪನಿಗೂ ಮುಚ್ಚಿಡಬಾರದು. ಏಕೆಂದರೆ ಆ ಮೊದಲ ಮೂರು ತಿಂಗಳಲ್ಲೂ ಅವಳು ನೆಲದ ಮೇಲೆಯೇ ಇರಬೇಕು.

ನಿಯಮ ಏನನ್ನುತ್ತದೆ?

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ಗರ್ಭಿಣಿ ಪೈಲಟ್ ಹಾರಾಟಕ್ಕೆ ಅನರ್ಹಳು. ಪ್ರಸೂತಿ ತಜ್ಞರು ಪರೀಕ್ಷಿಸಿ, ತೊಡಕಿಲ್ಲದ ಬಸಿರು ಎಂದು ಹೇಳಿ, ಮುಂದೆಯೂ ನೋಡಿಕೊಳ್ಳುತ್ತಿದ್ದರೆ ಮಾತ್ರ ವಿನಾಯಿತಿ. ಅದೂ 12ನೇ ವಾರ ಮುಗಿದಾಗಿನಿಂದ 26ನೇ ವಾರ ಮುಗಿಯುವವರೆಗೆ ಸಾಕು ಎಂಬುದು ಅದರ ಸಲಹೆ. ನಮ್ಮ ದೇಶದಲ್ಲಿ ಕೊನೆಯ ತೀರ್ಮಾನ ವಿಮಾನಯಾನ ಮಹಾನಿರ್ದೇಶನಾಲಯದ್ದು.

ಕಾರಣಗಳು ನಮಗೂ ಗೊತ್ತಿರುವಂಥವೇ. ಮೊದಲ ತಿಂಗಳುಗಳಲ್ಲಿ ವಾಂತಿ, ತಲೆಸುತ್ತು. ಕೆಲವರಿಗೆ ರಕ್ತಸ್ರಾವ, ಗರ್ಭಪಾತದ ಭಯ. ಅಡುಗೆಮನೆಯಲ್ಲಿ ತಲೆ ತಿರುಗಿದರೆ ಗೋಡೆ ಹಿಡಿದು ಕೂತುಕೊಳ್ಳಬಹುದು. ನೂರಾರು ಜನರನ್ನು ಹೊತ್ತ ವಿಮಾನದಲ್ಲಿ ಹಾಗಾಗದು. ವಾಂತಿಗೆ ಕೊಡುವ ಕೆಲವು ಮಾತ್ರೆಗಳಿಂದ ತೂಕಡಿಕೆಯೂ ಬರುತ್ತದೆ. ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಮುಂದೆ ಬಂದು ಕೈಕಾಲು ಆಡಿಸುವುದು ಕಷ್ಟ. ಗಂಟೆಗಟ್ಟಲೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು.

ಹೊಟ್ಟೆಯಲ್ಲಿರುವ ಕೂಸಿಗೆ?

ಹಾರುವ ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು. ಆರೋಗ್ಯವಂತ ಬಸುರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಕೂಸಿನ ರಕ್ತ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು, ಆಕಾಶದಿಂದ ಬರುವ ವಿಕಿರಣ. ಎತ್ತರ ಹೋದಷ್ಟೂ, ಧ್ರುವಗಳ ಹತ್ತಿರ ಹೋದಷ್ಟೂ ಇದು ಹೆಚ್ಚು. ಬಾಣಂತನಕ್ಕೆ ತವರಿಗೆ ಒಮ್ಮೆ ವಿಮಾನದಲ್ಲಿ ಬರುವವಳು ಹೆದರಬೇಕಾಗಿಲ್ಲ. ವಾರ ವಾರವೂ ಹಾರುವವಳ ಲೆಕ್ಕ ಬೇರೆ. ಬಸಿರು ತಿಳಿಸಿದ ಮೇಲೆ ಉಳಿದ ತಿಂಗಳಲ್ಲೆಲ್ಲ ಸೇರಿ ಕೂಸಿಗೆ ತಗಲುವ ವಿಕಿರಣ 1 ಮಿಲಿಸೀವರ್ಟ್ ಮೀರದಿರಲಿ ಎಂಬುದು ತಜ್ಞರ ಸಲಹೆ. ಹೇಳಿದರೆ ತಾನೇ ಲೆಕ್ಕ ಇಡೋದು?

ಕೆಲಸ ಹೋದೀತೇ?

ಹುಡುಗಿಯರು ಬಾಯಿ ಬಿಡದಿರಲು ಈ ಹೆದರಿಕೆಯೂ ಕಾರಣ. ಹಾರಾಟದ ಭತ್ಯೆ ನಿಂತು ಕೈಗೆ ಬರುವ ಹಣ ಕಡಿಮೆಯಾಗುವುದುಂಟು. ಆದರೆ ಕೆಲಸ ಹೋಗಬಾರದು. ಹಿಂದೆ ಏರ್ ಇಂಡಿಯಾದಲ್ಲಿ ಗಗನಸಖಿ ಮೊದಲ ಬಾರಿ ಬಸುರಿಯಾದರೆ ಮನೆಗೆ ಕಳಿಸುವ ನಿಯಮವಿತ್ತು. ನರ್ಗೀಸ್ ಮಿರ್ಜಾ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಪೀಣ್ಯದ ಕಾರ್ಖಾನೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಇದೇ ಹಕ್ಕು.

ಹೆರಿಗೆಯ ನಂತರ, ಗರ್ಭ ನಿಲ್ಲದೆ ಹೋದರೂ ಸಹ, ಮತ್ತೆ ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಿಯೇ ವಿಮಾನ ಏರಬೇಕು. ಬೆಂಗಳೂರಿನಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ವಿಮಾನಪುರದ ಹತ್ತಿರ, 1957ರಲ್ಲಿ ಶುರುವಾದ ವಾಯುಪಡೆಯ ವೈದ್ಯಕೀಯ ಸಂಸ್ಥೆ ಇದೆ. ನಾಗರಿಕ ಪೈಲಟ್‌ಗಳ ತಪಾಸಣೆಯೂ ಅಲ್ಲಿ ನಡೆಯುತ್ತದೆ.

ಮನೆಯವರು ಮಾಡಬೇಕಾದದ್ದು

ಮುಟ್ಟು ನಿಂತೊಡನೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಹೆರಿಗೆ ಡಾಕ್ಟರಿಗೆ ಅವಳು ಪೈಲಟ್ ಎಂದು ತಪ್ಪದೆ ತಿಳಿಸಲಿ. ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ. "ಅನರ್ಹ" ಎಂದು ಬರೆದ ಕಾಗದ ಕಂಡು ಕಣ್ಣೀರು ಹಾಕಬೇಡಿ. ಅದು ರೋಗವೂ ಅಲ್ಲ, ಅವಮಾನವೂ ಅಲ್ಲ, ಕೆಲವು ತಿಂಗಳ ಬಿಡುವು ಅಷ್ಟೆ. ಬಾಣಂತನ ಚೆನ್ನಾಗಿ ಮಾಡಿ, ಕೂಸನ್ನು ನೋಡಿಕೊಳ್ಳುವ ಧೈರ್ಯ ಕೊಟ್ಟು ಕಳಿಸಿ. ಆಕಾಶ ಎಲ್ಲಿಗೂ ಓಡಿಹೋಗದು, ಅವಳಿಗಾಗಿ ಕಾದಿರುತ್ತದೆ.