ಕಲ್ಲಚ್ಚಿನ ಬಿತ್ತುವವನು

ಫ್ರಾನ್ಸ್ ದೇಶದ ಚಿತ್ರಕಾರನಾದ ಝಾನ್ ಫ್ರಾನ್ಸ್ವಾ ಮಿಲೆ ಎಂಬವನು 1851ರಲ್ಲಿ ಬರೆದ ‘ಬಿತ್ತುವವನು’ ಎಂಬ ಕಲ್ಲಚ್ಚಿನ ಚಿತ್ರದ ವಿಷಯವು ನಮ್ಮ ವಿದ್ಯಾರ್ಥಿನಿಯರಿಗೆ ಹೊಸದಲ್ಲ. ದಾರಿಯ ಮಗ್ಗುಲಲ್ಲಿಯೂ ಬಂಡೆಯ ಮೇಲೆಯೂ ಮುಳ್ಳುಗಳಲ್ಲಿಯೂ ಒಳ್ಳೆಯ ನೆಲದಲ್ಲಿಯೂ ಬಿದ್ದ ಬೀಜದ ಸಾಮ್ಯವನ್ನು ಸತ್ಯವೇದದ ಪಾಠದಲ್ಲಿ ಓದುವಾಗ ನಾವು ನೆಲವನ್ನು ಕುರಿತು ಬಹಳವಾಗಿ ಹೇಳುತ್ತೇವೆ. ಬಿತ್ತಿದವನ ತೋಳು ನೊಂದಿತೇ ಎಂದು ಕೇಳುವುದಿಲ್ಲ. ಮಿಲೆಯು ಕೇಳಿದನು. ಅವನು ನಾರ್ಮಂಡಿ ಪ್ರಾಂತದ ರೈತನ ಮಗನು. ಎಳೆತನದಲ್ಲಿ ತಾನೇ ಹೊಲದಲ್ಲಿ ದುಡಿದವನು.

ಪಟದಲ್ಲಿ ಒಬ್ಬ ದುಡಿಮೆಗಾರನು ಹೊಲದೊಳಗೆ ದೊಡ್ಡ ಹೆಜ್ಜೆಯಿಡುತ್ತಾ ಬರುತ್ತಾನೆ. ಬೀಜದ ಚೀಲವು ಮೈಗೆ ತೂಗಿದೆ. ಒಂದು ಕೈ ಬೀಸಿದೆ. ಟೋಪಿಯ ನೆರಳಿನಲ್ಲಿ ಮುಖವು ಅಷ್ಟಾಗಿ ಕಾಣದು. 1850ರಲ್ಲಿ ಇದೇ ವಿಷಯವನ್ನು ಬಣ್ಣದಲ್ಲಿ ಬರೆದ ಅವನ ಪಟವೊಂದು ಅಮೇರಿಕದ ಬಾಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿದೆ.

ಕಲ್ಲಚ್ಚಿನ ವಿಧಾನವನ್ನು 1796ರ ಸುಮಾರಿಗೆ ಜರ್ಮನಿಯಲ್ಲಿ ಅಲೋಯ್ಸ್ ಸೆನೆಫೆಲ್ಡರನು ಕಂಡುಹಿಡಿದನು. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂದು ಅಡಿಗೆಮನೆಯಲ್ಲಿ ನಾವೆಲ್ಲರೂ ಬಲ್ಲ ಸಂಗತಿಯೇ ಅದರ ಮೂಲ. ನುಣ್ಣಗೆ ಉಜ್ಜಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಗೋಂದನ್ನೂ ಸ್ವಲ್ಪ ಆಮ್ಲವನ್ನೂ ಸವರಿ, ಬಳಿಕ ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಶಾಯಿಯ ಉರುಳೆಯನ್ನು ಹೊರಳಿಸಿದಾಗ ಶಾಯಿಯು ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರವು ಎಡಬಲ ತಿರುವಾಗಿ ಮೂಡುತ್ತದೆ. ಒಂದೊಂದು ಪ್ರತಿಗೂ ಒದ್ದೆಮಾಡುವುದು, ಶಾಯಿ ಹಚ್ಚುವುದು, ಒತ್ತುವುದು ಮತ್ತೆ ಮೊದಲಿನಿಂದ ಆಗಬೇಕು. ಇದೂ ಮೈಮುರಿಯುವ ಕೂಲಿಯೇ.

ಈ ಕಲ್ಲು ಕನ್ನಡಕ್ಕೆ ಪರಕೀಯವಲ್ಲ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಹರ್ಮನ್ ಮೋಗ್ಲಿಂಗ್ ಪಾದ್ರಿಗಳು 1843ನೆಯ ಜುಲೈ 1ರಂದು ಆರಂಭಿಸಿದ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಇಂತಹ ಕಲ್ಲಿನಿಂದಲೇ ಹೊರಟಿತು. ಪಾದ್ರಿಗಳ ಹೆಸರನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಲ್ಲನ್ನು ಉಜ್ಜಿದವರನ್ನು ಯಾವ ಪರೀಕ್ಷೆಯಲ್ಲಿಯೂ ಕೇಳುವುದಿಲ್ಲ.

‘ಓದದಿದ್ದರೆ ಹೊಲದ ಕೆಲಸವೇ ಗತಿ’ ಎಂದು ಮಗಳನ್ನು ಹೆದರಿಸುವ ತಾಯಿತಂದೆಗಳನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಓದಲಿ, ಅವಶ್ಯವಾಗಿ ಓದಲಿ. ಆದರೆ ಅದೇ ತರಗತಿಯಲ್ಲಿ ಹೊಲದ ಕೂಲಿಯಿಂದಲೇ ಶುಲ್ಕ ಕಟ್ಟಿದವರ ಮಗಳೂ ಕುಳಿತಿರುತ್ತಾಳೆ. ಆ ಮಾತು ಅವಳ ಕಿವಿಗೂ ಬೀಳುತ್ತದೆ.

ಅಂಥವಳಿಗೆ ಮಿಲೆಯ ಪಟದಲ್ಲಿ ಒಂದು ಕೊರತೆ ಕಂಡೀತು. ದೇವರಾಜ ಅರಸು ಬಡಾವಣೆಯನ್ನು ದಾಟಿ ಹರಿಹರದ ಕಡೆಯ ಹಳ್ಳಿಗಳಿಗೆ ಹೋದರೆ, ಹಿರಿಯರು ಬಲ್ಲ ಬಿತ್ತನೆಯೇ ಬೇರೆ. ಈಗ ಟ್ರ್ಯಾಕ್ಟರು ಬಂದಿದೆ. ಹಿಂದೆ ಜೋಳವನ್ನು ಎತ್ತು ಎಳೆಯುವ ಕೂರಿಗೆಯಿಂದ ಬಿತ್ತುತ್ತಿದ್ದರು. ಮೇಲಿನ ಮರದ ಬಟ್ಟಲಿಗೆ ಬಿಟ್ಟ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಹಲವೆಡೆ ಆ ಕಾಳು ಬಿಡುವವಳು ಹೆಂಗಸು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ನಡಿಗೆಗೆ ತನ್ನ ಹೆಜ್ಜೆ ಸೇರಿಸಿ, ಬೆರಳ ಸಂದಿನಿಂದ ಸಮವಾಗಿ ಬಿಡಬೇಕು. ಕೈ ಒಂದು ಕ್ಷಣ ತಡೆದರೆ, ಮೊಳಕೆ ಎದ್ದಾಗ ಅಷ್ಟು ದೂರ ಸಾಲು ಬರಿದಾಗಿರುತ್ತದೆ.