ಒಂದೇ ನೀಲಿಯ ಹಲವು ಛಾಯೆಗಳು

ಸರ್ಕಾರದ ಯೋಜನೆಯಿರಲಿ, ಚುನಾವಣೆಯ ತಂತ್ರವಿರಲಿ, ಅದಕ್ಕೊಂದು ‘ನೀಲನಕ್ಷೆ’ ಸಿದ್ಧವಾಗುವುದನ್ನು ನಾವು ದಿನವೂ ಓದುತ್ತೇವೆ. ಆ ನಕ್ಷೆ ನೀಲಿಯೇ ಏಕಾಗಿತ್ತು ಎಂಬ ಪ್ರಶ್ನೆಗೆ ಉತ್ತರವಿರುವುದು ಛಾಯಾಗ್ರಹಣದ ಚರಿತ್ರೆಯಲ್ಲಿ.

1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ‘ಸಯನೊಟೈಪ್’ ವಿಧಾನವನ್ನು ಕಂಡುಹಿಡಿದರು. ದುಬಾರಿ ಬೆಳ್ಳಿಯ ಲವಣಗಳ ಬದಲು ಅವರು ಬಳಸಿದ್ದು ಕಬ್ಬಿಣದ ಲವಣಗಳನ್ನು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್‌ಗಳ ದ್ರಾವಣವನ್ನು ಕಾಗದಕ್ಕೆ ಬಳಿದು, ಮಬ್ಬುಗತ್ತಲಲ್ಲಿ ಒಣಗಿಸಿ, ಮೇಲೊಂದು ವಸ್ತುವನ್ನಿರಿಸಿ ಬಿಸಿಲಿಗೊಡ್ಡಿದರಾಯಿತು. ಅತಿನೇರಳೆ ಕಿರಣ ತಾಗಿದ ಕಡೆ ನೀರಿನಲ್ಲಿ ಕರಗದ ‘ಪ್ರಷ್ಯನ್ ನೀಲಿ’ ಮೂಡುತ್ತದೆ. ನೆರಳಿದ್ದ ಕಡೆಯ ಲವಣ ನೀರಿನಲ್ಲಿ ತೊಳೆದುಹೋಗಿ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಮುಂದೆ ಎಂಜಿನಿಯರುಗಳು ತಮ್ಮ ರೇಖಾಚಿತ್ರಗಳ ಪ್ರತಿ ತೆಗೆಯಲು ಇದನ್ನೇ ನೆಚ್ಚಿಕೊಂಡರು. ಆ ತಂತ್ರ ಬಹುತೇಕ ಮರೆಯಾದರೂ ಪದ ಮಾತ್ರ ನಮ್ಮಲ್ಲಿ ಉಳಿದಿದೆ.

ಈ ವಿಧಾನದ ನಿಜವಾದ ಸತ್ವವನ್ನು ಮೊದಲು ಅರಿತವರು ಅನ್ನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ. ಸೂಕ್ಷ್ಮವಾದ ಪಾಚಿಗಳನ್ನು ಕೈಯಿಂದ ಯಥಾವತ್ತಾಗಿ ಬಿಡಿಸುವುದು ಕಷ್ಟವೆಂದು, ಅವುಗಳನ್ನೇ ಕಾಗದದ ಮೇಲಿರಿಸಿ ಅಚ್ಚು ತೆಗೆದರು. 1843ರಿಂದ ಸುಮಾರು ಹತ್ತು ವರ್ಷ ಭಾಗಭಾಗವಾಗಿ ಹೊರಬಂದ ಬ್ರಿಟನ್ನಿನ ಪಾಚಿಗಳ ಆ ಸಂಪುಟವನ್ನು ಛಾಯಾಚಿತ್ರಗಳಿರುವ ಮೊದಲ ಪುಸ್ತಕವೆಂದು ಗುರುತಿಸಲಾಗುತ್ತದೆ.

ಇಂದು ಮೊಬೈಲ್ ಫೋನಿನ ಒಂದು ಗುಂಡಿ ಒತ್ತಿದರೆ ಯಾವುದೇ ಚಿತ್ರ ನೀಲಿಯಾಗುತ್ತದೆ, ಕಂದಾಗುತ್ತದೆ. ಹಾಗಿರುವಾಗ ಈ ಉಪದ್ವ್ಯಾಪವೇಕೆ ಎಂದು ಓದುಗರು ಕೇಳಬಹುದು. ನಮ್ಮ ಮನೆಯ ಮಹಡಿಯ ಮೇಲೆ ಹೊಂಗೆಯ ಎಲೆಯೊಂದರ ಅಚ್ಚು ತೆಗೆದ ಮೇಲೆ ನನಗೆ ಹೊಳೆದ ಉತ್ತರವಿದು: ಫೋನು ಬಣ್ಣವನ್ನು ಕಳೆಯುತ್ತದೆ, ಈ ವಿಧಾನ ನೋಟವನ್ನು ಕೂಡಿಸುತ್ತದೆ. ಹಸಿರು ಇಲ್ಲವಾದಾಗ ಎಲೆಯ ಅಂಚು, ತೊಟ್ಟಿನ ಬಾಗು, ಹುಳು ತಿಂದ ತೂತು ಎಲ್ಲವೂ ಎದ್ದು ಕಾಣುತ್ತವೆ. ಅಚ್ಚು ಎಲೆಯಷ್ಟೇ ಗಾತ್ರದ್ದು. ಆ ಎಲೆ ಈ ಕಾಗದವನ್ನು ಮುಟ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಶಾಲೆಗಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇಕೆ? ಕ್ಯಾಮೆರಾ ಬೇಡ, ವಿದ್ಯುತ್ ಬೇಡ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಆಮ್ಲ ಮತ್ತು ಶಾಖದಿಂದ ರಾಸಾಯನಿಕವನ್ನು ದೂರವಿರಿಸಿ, ಕೈಗವಸು ತೊಡಿಸಿ, ಅಧ್ಯಾಪಕರು ಜತೆಗಿದ್ದರೆ ಸಾಕು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಚಿತ್ರಕಲೆ ಮೂರೂ ಒಂದೇ ಹಾಳೆಯ ಮೇಲೆ ಕೂಡುತ್ತವೆ. ರಸ್ತೆ ವಿಸ್ತರಣೆಗೆ ಮರಗಳನ್ನು ಕಳೆದುಕೊಳ್ಳುತ್ತಿರುವ ನಗರದ ಮಕ್ಕಳು ತಮ್ಮ ಬೀದಿಯ ಒಂದೊಂದು ಮರದ ಎಲೆಯನ್ನೂ ಹೀಗೆ ದಾಖಲಿಸಿದರೆ, ಅದು ಕೇವಲ ಚಿತ್ರಸಂಪುಟವಾಗುವುದಿಲ್ಲ. ಮರದ ಹೆಸರನ್ನೇ ಅರಿಯದವರು ಅದನ್ನು ಉಳಿಸಿಕೊಳ್ಳಲು ದನಿಯೆತ್ತುವುದಾದರೂ ಹೇಗೆ?

ಹಸಿರನ್ನು ಉಳಿಸಿಕೊಳ್ಳುವ ನೀಲನಕ್ಷೆಯೊಂದು ಶಾಲೆಯ ಅಂಗಳದ ಬಿಸಿಲಿನಲ್ಲೇ ತಯಾರಾಗಬಹುದು.