ನೆಟ್ಟಗಾದ ಇಂದ್ರಧನುಸ್ಸು

ಇಂದ್ರಧನುಸ್ಸು ಬಾಗದೆ ನೆಟ್ಟಗಿದ್ದರೆ ಅದನ್ನು ‘ರೋಹಿತ’ವೆನ್ನಬೇಕೆಂದು ಅಮರಕೋಶವು ಹೇಳುತ್ತದೆ. ಬೆಳಕನ್ನು ಗಾಜಿನ ಪಟ್ಟಕದಿಂದ ಒಡೆದಾಗ ಕಾಣುವ ಬಣ್ಣಗಳ ಪಟ್ಟಿಗೆ ನಮ್ಮ ಶಾಸ್ತ್ರಗ್ರಂಥಕಾರರು ಇದೇ ಹೆಸರನ್ನಿಟ್ಟದ್ದು ಬಹು ಯೋಗ್ಯವಾಯಿತು.

ಬಹಳ ವರ್ಷಗಳ ಹಿಂದೆ ಬನಹಟ್ಟಿಯ ನೇಕಾರರ ಹುಡುಗನೊಬ್ಬನು ತರಗತಿಯಲ್ಲಿ ಎದ್ದು ನಿಂತು, “ಗುರುಗಳ, ಅಷ್ಟ ದೂರದ ಚಿಕ್ಕ್ಯಾಗ ಏನೈತಿ ಅಂತ ಹೋಗಿ ನೋಡದ ಹೆಂಗ ತಿಳೀತೈತ್ರಿ?” ಎಂದು ಕೇಳಿದನು. ನನಗೆ ಉತ್ತರವು ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳದೆ, “ಸುಮ್ನ ಕುಂಡ್ರು” ಎಂದು ಗದರಿಸಿದೆನು. ಅವನಿಗೆ ಸಲ್ಲಬೇಕಾದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಹಾಸಿನಲ್ಲಿ ಒಂದೆಳೆ ಬೇರೆ ಬಣ್ಣದ್ದಿದ್ದರೂ ನೇಕಾರನು ಗುರುತಿಸುವನಷ್ಟೆ? ಹಾಗೆಯೇ ರೋಹಿತದಲ್ಲಿ ಪ್ರತಿಯೊಂದು ಮೂಲವಸ್ತುವೂ ತನ್ನದೇ ಕ್ರಮದ ಗೆರೆಗಳನ್ನು ಮೂಡಿಸುತ್ತದೆ. ಜಲಜನಕದ ಗೆರೆಗಳ ಕ್ರಮವು ಇಲ್ಲಿಯೂ ಅದೇ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯೂ ಅದೇ.

1943ರಲ್ಲಿ ಅಮೇರಿಕದ ಕಾರ್ಲ್ ಸೇಫರ್ಟ್ ಎಂಬ ಜ್ಯೋತಿರ್ವಿದನು ಆರು ಗೆಲಕ್ಸಿಗಳ, ಅಂದರೆ ನಮ್ಮ ಆಕಾಶಗಂಗೆಯಂಥ ನಕ್ಷತ್ರಸಮೂಹಗಳ, ನಡುಭಾಗದ ರೋಹಿತವನ್ನು ಪರೀಕ್ಷಿಸಿದನು. ಅಲ್ಲಿಯ ಗೆರೆಗಳು ಎಳೆಯಂತಿರದೆ ಸೀರೆಯ ಅಂಚಿನಂತೆ ಅಗಲವಾಗಿದ್ದವು. ಕಬ್ಬಿನ ಲಾರಿಯು ಹಾರ್ನ್ ಹಾಕುತ್ತ ಎದುರಿಗೆ ಬರುವಾಗ ಸ್ವರವು ಏರಿಯೂ, ದಾಟಿಹೋದಾಗ ಇಳಿದೂ ಕೇಳುತ್ತದೆ. ಅದರಂತೆ ನಮ್ಮತ್ತ ಧಾವಿಸುವ ಅನಿಲದ ಗೆರೆಯು ನೀಲಿಯತ್ತಲೂ, ದೂರ ಸರಿಯುವ ಅನಿಲದ್ದು ಕೆಂಪಿನತ್ತಲೂ ಜರುಗುತ್ತದೆ. ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಸುತ್ತುತ್ತಿದ್ದುದರಿಂದ ಗೆರೆಯು ಎರಡೂ ಕಡೆಗೆ ಹರಡಿತ್ತು. ಅಂಥ ಅನಿಲವನ್ನು ಚದುರಗೊಡದೆ ಹಿಡಿದಿಡಲು ನಡುವೆ ಎಷ್ಟು ಭಾರವಿರಬೇಕು! ಇದರ ಪೂರ್ಣಾರ್ಥವು ಹೊಳೆಯಲು ದಶಕಗಳೇ ಹಿಡಿದವು.

ಆ ಭಾರವನ್ನು ತೂಗುವ ಯುಕ್ತಿಯು ಇನ್ನೂ ಸೊಗಸು. ನಟ್ಟನಡುವಿನ ಬೆಳಕು ಹೆಚ್ಚಿದರೆ, ಸುತ್ತಲಿನ ಅನಿಲದ ಗೆರೆಗಳು ಕೆಲವು ದಿನ ತಡವಾಗಿ ಹೊಳಪೇರುತ್ತವೆ. ಬೆಳಕು ಅಲ್ಲಿಯವರೆಗೆ ನಡೆಯಬೇಕಷ್ಟೆ. ಆ ತಡವು ದೂರವನ್ನು ತಿಳಿಸುತ್ತದೆ, ಗೆರೆಯ ಅಗಲವು ವೇಗವನ್ನು. ಎರಡೂ ದೊರೆತರೆ ತೂಕವು ಲೆಕ್ಕಕ್ಕೆ ಸಿಕ್ಕಿತು. ಸೇಫರ್ಟನು ನೋಡಿದ ಆರರಲ್ಲಿ ಒಂದಾದ ಎನ್‌ಜಿಸಿ 4151ರ ನಡುವೆ ಹೀಗೆ ಕೆಲವು ಕೋಟಿ ಸೂರ್ಯರ ತೂಕವು ಕಂಡುಬಂದಿದೆ. ಅದು ಕಪ್ಪುಕುಳಿ, ತಾನು ಹೊಳೆಯದು, ಅದರೊಳಗೆ ಸುತ್ತುತ್ತ ಬೀಳುವ ಅನಿಲವು ಕಾದು ಹೊಳೆಯುತ್ತದೆ.

ಇಂಥ ರೋಹಿತಗಳನ್ನು ನಮ್ಮವರೂ ತೆಗೆಯುತ್ತಾರೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರು ಎತ್ತರದಲ್ಲಿ, ಎರಡು ಮೀಟರು ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವು 2000ದಲ್ಲಿ ಮೊದಲು ಆಕಾಶವನ್ನು ನೋಡಿತು. ವೀಕ್ಷಕರು ಅಷ್ಟು ಎತ್ತರ ಹತ್ತಬೇಕಾಗಿಲ್ಲ. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ. ಹೋಗಿ ನೋಡದೆ ತಿಳಿಯುವುದೆಂದರೆ ಇದೇ ಅಲ್ಲವೆ?

ಆ ಹುಡುಗನು ಈಗ ರಬಕವಿಯಲ್ಲಿ ಮಗ್ಗ ನಡೆಸುತ್ತಾನೆ. ಅವನ ಮಗಳು ಎಂಟನೆಯ ಇಯತ್ತೆಯಲ್ಲಿದ್ದಾಳೆ. ಈ ಸಂಚಿಕೆಯನ್ನು ನಾನೇ ಅವರ ಮನೆಗೆ ಒಯ್ದು ಕೊಡುವವನಿದ್ದೇನೆ.